ನಿಮಗಿದು ಗೊತ್ತೇ? ಕಂಪ್ಯೂಟರಿನ ಹೆಸರು, ಟಪಾಲಿನ ದಾರಿ

ಕಲ್ಯಾಣದುರ್ಗದ ಪಿನ್ ಕೋಡ್ 515761, ಹಿಂದೂಪುರದ್ದು 515201. ಇವೆರಡರ ನಡುವೆ ಕರ್ನಾಟಕಕ್ಕೆ ಸೇರಿದ ಪಾವಗಡ: 561202. ರಾಜ್ಯ ಬೇರೆ, ಮೊದಲ ಅಂಕಿ ಮಾತ್ರ ಮೂರಕ್ಕೂ ಒಂದೇ. ಟಪಾಲು ವಿಂಗಡಿಸುವವರ ಕಣ್ಣು ವಿಳಾಸದ ಕೊನೆಯ ಸಾಲಿಗೆ ಮೊದಲು ಹೋಗುತ್ತದೆ. ಇ-ಮೇಲ್ ವಿಳಾಸದಲ್ಲೂ ಅಷ್ಟೆ: ಕೊನೆಯ ಚುಕ್ಕೆಯಾಚೆಯ 'ಇನ್' ಮೊದಲು, ಸಂಸ್ಥೆಯ ಹೆಸರು ಆಮೇಲೆ, @ ಗುರುತಿನ ಎಡಕ್ಕಿರುವ ಮನುಷ್ಯ ಕಟ್ಟಕಡೆಗೆ.

ನಿಮ್ಮ ಲಿನಕ್ಸ್ ಕಂಪ್ಯೂಟರಿಗೆ ಊರಿನ ಹೆಸರಿಡಬಹುದು. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಇಷ್ಟಕ್ಕೇ ಅವಕಾಶ. ಕಲ್ಯಾಣ, ದುರ್ಗಗಳ ನಡುವೆ ಅಂಡರ್‌ಸ್ಕೋರ್ ಹಾಕಿದರೆ ನಿಯಮಕ್ಕೆ ಹೊರಗು. ಹೆಸರು ಅಂಕಿಯಿಂದ ಶುರುವಾಗಲು ಒಪ್ಪಿಗೆ ಸಿಕ್ಕಿದ್ದು 1989ರಲ್ಲಿ. ಎರಡು ಚುಕ್ಕೆಗಳ ನಡುವಿನ ತುಂಡು 63 ಅಕ್ಷರ ಮೀರುವಂತಿಲ್ಲ. ಅಷ್ಟು ಉದ್ದದ ಹೆಸರಿಡುವವರು ಯಾರೋ!

ಒಂದು ಕಾಲಕ್ಕೆ ಜಾಲದಲ್ಲಿದ್ದ ಎಲ್ಲ ಕಂಪ್ಯೂಟರುಗಳ ಹೆಸರೂ ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೆಸರು ಹೆಚ್ಚಿ ಪಟ್ಟಿ ನಿಭಾಯಿಸಲಾಗದಾದಾಗ, 1983ರಲ್ಲಿ ಪಾಲ್ ಮೋಕಪೆಟ್ರಿಸ್ ಹೆಸರಿನಿಂದ ಕಂಪ್ಯೂಟರನ್ನು ಹುಡುಕಿಕೊಡುವ ಇಂದಿನ ಡಿಎನ್ಎಸ್ ವ್ಯವಸ್ಥೆ ರೂಪಿಸಿದರು. ಹಳೆಯ ಪಟ್ಟಿಯ ಕುಡಿಯೊಂದು ಈಗಲೂ ನಿಮ್ಮ ಲಿನಕ್ಸಿನ 'ಇಟಿಸಿ' ಫೋಲ್ಡರಿನಲ್ಲಿದೆ, 'ಹೋಸ್ಟ್ಸ್' ಎಂಬ ಹೆಸರಿನಲ್ಲಿ. ಸಾಮಾನ್ಯವಾಗಿ ಡಿಎನ್ಎಸ್‌ಗಿಂತ ಮೊದಲು ಕೇಳುವುದು ಅದನ್ನೇ.

ಯೂನಿಕೋಡ್‌ನಲ್ಲಿ ತೆಲುಗು, ಕನ್ನಡ ಅಕ್ಕಪಕ್ಕದ ಮನೆಗಳು. ತಲಾ 128 ಸ್ಥಾನ, ತೆಲುಗು ಮುಗಿದಲ್ಲೇ ಕನ್ನಡ ಶುರು. 'ಭಾರತ' ಎಂಬ ಡೊಮೇನ್ ಬಾಲ ಎರಡೂ ಲಿಪಿಯಲ್ಲಿದೆ, ನೋಡಲು ಹೆಚ್ಚುಕಡಿಮೆ ಒಂದೇ. ಆದರೆ ಡಿಎನ್ಎಸ್ ಒಳಗೆ ಎರಡಕ್ಕೂ ಇಂಗ್ಲಿಷ್ ವೇಷ: 'ಎಕ್ಸ್ಎನ್' ಮತ್ತು ಎರಡು ಅಡ್ಡಗೆರೆಯ ನಂತರ ಕನ್ನಡದ್ದು '2ಎಸ್‌ಸಿಆರ್‌ಜೆ9ಸಿ', ತೆಲುಗಿನದ್ದು 'ಎಫ್‌ಪಿಸಿಆರ್‌ಜೆ9ಸಿ3ಡಿ'. @ ಗುರುತಿನ ಎಡಕ್ಕೂ ಕನ್ನಡ ಬರೆದ ವಿಳಾಸಗಳನ್ನು ಪೋಸ್ಟ್‌ಫಿಕ್ಸ್ ಎಂಬ ಟಪಾಲು ತಂತ್ರಾಂಶ 2015ರಿಂದ ಒಪ್ಪುತ್ತದೆ.

ಪೋಸ್ಟ್‌ಫಿಕ್ಸ್ ಬರೆದವರು ವೀಟ್ಸೆ ವೆನೆಮಾ, 1998ರಲ್ಲಿ ಹೊರಬಂತು. ಅದರಲ್ಲಿ 'ಮೈಡೆಸ್ಟಿನೇಷನ್' ಎಂಬ ಸಾಲೊಂದಿದೆ: ಯಾವ ಯಾವ ಹೆಸರಿಗೆ ಬಂದ ಕಾಗದ ಈ ಮನೆಯದೇ ಎಂದು ಹೇಳುವ ಪಟ್ಟಿ. ಹೊಸಬರು ಉತ್ಸಾಹದಲ್ಲಿ ಅಲ್ಲಿ ಜಿಮೇಲ್‌ನ ಡೊಮೇನನ್ನೂ ಸೇರಿಸುವುದುಂಟು. ಆಮೇಲೆ ಜಿಮೇಲ್ ವಿಳಾಸಕ್ಕೆ ಬರೆದ ಒಂದು ಕಾಗದವೂ ಹೊಸಿಲು ದಾಟುವುದಿಲ್ಲ. ಕಂಪ್ಯೂಟರ್ ಆ ಹೆಸರಿನವರನ್ನು ತನ್ನೊಳಗೇ ಹುಡುಕಿ, ಅಂಥವರು ಯಾರೂ ಇಲ್ಲವೆಂದು ಕಾಗದ ವಾಪಸು ಕಳಿಸುತ್ತದೆ. ತಪ್ಪು ಒಂದೇ ಸಾಲಿನದು, ಬೈಗುಳ ಮಾತ್ರ ಇಂಟರ್ನೆಟ್ ಕಂಪನಿಗೆ.

ಹಾಗೆಂದು ಕಂಪನಿಗಳೂ ಸುಮ್ಮನಿಲ್ಲ. ಸರ್ವರ್‌ಗಳು ಪರಸ್ಪರ ಟಪಾಲು ದಾಟಿಸುವ 25ನೇ ಪೋರ್ಟನ್ನು ಮನೆ ಸಂಪರ್ಕಗಳಲ್ಲಿ ಮುಚ್ಚಿಡುವುದು ಸಾಮಾನ್ಯ. ಸ್ಪ್ಯಾಮ್ ತಡೆಯಲು ಅದು ನ್ಯಾಯವೇ. ಆಗ 587ನೇ ಪೋರ್ಟಿನಲ್ಲಿ, ಪಾಸ್‌ವರ್ಡ್ ಕೊಟ್ಟು, ಬೇರೆ ಸರ್ವರಿನ ಕೈಗೆ ಒಪ್ಪಿಸಬೇಕು. ಪೋಸ್ಟ್‌ಫಿಕ್ಸಿನಲ್ಲಿ ಆ ಸರ್ವರ್ ಯಾವುದೆಂದು ಹೇಳುವ ಸಾಲಿನ ಹೆಸರು 'ರಿಲೇಹೋಸ್ಟ್'.

ಆಚೆಯ ಸರ್ವರ್ ಉತ್ತರಿಸದಿದ್ದರೆ? ಪೋಸ್ಟ್‌ಫಿಕ್ಸ್ ಐದು ದಿನ ಮತ್ತೆ ಮತ್ತೆ ಯತ್ನಿಸುತ್ತದೆ. ಆಮೇಲೆ ಕಾಗದ ಕಳಿಸಿದವರಿಗೇ ಹಿಂತಿರುಗುತ್ತದೆ, ಕಾರಣ ಬರೆದುಕೊಂಡು.