ಹೀಟ್ ಪಂಪ್‌ಗೆ ಟಾರ್ಪಾಲು ಹೊದಿಸಬೇಡಿ

ಟೊರೊಂಟೊದ ಮೊದಲ ಚಳಿಗಾಲದಲ್ಲಿ, ಹಿಮ ಬೀಳದಿರಲಿ ಅಂತ ಹೊರಗಿದ್ದ ಹೀಟ್ ಪಂಪ್‌ಗೆ ಟಾರ್ಪಾಲು ಸುತ್ತಿದ್ದೆ. ಊರಿಂದ ಬಂದಿದ್ದ ಅಮ್ಮ ರಾತ್ರಿಯಿಡೀ ನಡುಗಿದರು. ಕರೆಂಟ್ ಬಿಲ್ಲೂ ದುಪ್ಪಟ್ಟಾಯ್ತು.

ಈ ಯಂತ್ರ ಶಾಖವನ್ನು ಹುಟ್ಟಿಸುವುದಿಲ್ಲ, ಹೊರಗಿನ ಗಾಳಿಯಲ್ಲಿ ಇರುವುದನ್ನೇ ಎಳೆದು ಒಳಗೆ ತರುತ್ತದೆ. ಸೊನ್ನೆಗಿಂತ ಕೆಳಗಿನ ಗಾಳಿಯಲ್ಲೂ ಶಾಖ ಇರುತ್ತೆ, ನಂಬಿ. ಆ ಗಾಳಿಯನ್ನೇ ತಡೆದರೆ ಅದು ತರುವುದಾದರೂ ಏನನ್ನು? ಆಗ ಒಳಗಿನ ವಿದ್ಯುತ್ ಕಾಯಿಲ್ ಸಹಾಯಕ್ಕೆ ಬರುತ್ತೆ. ಬಿಲ್ಲು ಏರಿದ್ದು ಅದರಿಂದಲೇ.

ಈಗ ಅಕ್ಟೋಬರ್‌ನಲ್ಲೇ ಫಿಲ್ಟರ್ ತೊಳೆದು, ಎಲೆ-ಕಸ ತೆಗೆದು, ಯಂತ್ರದ ಸುತ್ತ 2 ಅಡಿ ಜಾಗ ಖಾಲಿ ಬಿಡುತ್ತೇನೆ. ಹಿಮ ಬಿದ್ದರೆ ಮೆಲ್ಲಗೆ ಗುಡಿಸಿದರಾಯ್ತು. ಮಂಜುಗಡ್ಡೆಯನ್ನು ಮಾತ್ರ ಕೆತ್ತಲು ಹೋಗಬೇಡಿ, ಒಳಗಿನ ತೆಳು ತಗಡುಗಳು ಬಗ್ಗುತ್ತವೆ. ಆಗಾಗ ಆವಿ ಎದ್ದರೆ ಗಾಬರಿ ಬೇಡ: ತನ್ನ ಮೈಮೇಲಿನ ಮಂಜನ್ನು ಅದು ತಾನೇ ಕರಗಿಸಿಕೊಳ್ಳುತ್ತಿರುತ್ತದೆ.