ಅರಮನೆ ಎಲ್ಲೈತಪ್ಪಾ?

ಟಿವಿಯಲ್ಲಿ ಚೀನಾದ ಬೀಜಿಂಗ್ ಅರಮನೆ ನೋಡಿದ ದಿನದಿಂದ ನನ್ನ ಒಂಬತ್ತು ವರ್ಷದ ಮಗಳಿಗೆ ಅದೇ ಗುಂಗು. ಹಳದಿ ಹೆಂಚು, ಕೆಂಪು ಕಂಬ, ಅಂಗಳ ದಾಟಿದರೆ ಮತ್ತೊಂದು ಅಂಗಳ! "ನಮ್ಮ ಕಡೆ ಇಂಥದ್ದು ಇಲ್ಲೇನಪ್ಪಾ?" ಎಂದು ಕೇಳಿದಳು. "ಯಾಕಿಲ್ಲ? ಬೆಳಿಗ್ಗೆ ಹೋದರೆ ಸಂಜೆಗೆ ವಾಪಸ್ ಬರಬಹುದು" ಎಂದೆ.

ಭಾನುವಾರ ಬುತ್ತಿ ಕಟ್ಟಿಕೊಂಡು ಕೊಟ್ಟೂರಿನಲ್ಲಿ ಬಸ್ ಹತ್ತಿದೆವು. ಹಗರಿಬೊಮ್ಮನಹಳ್ಳಿ, ಮರಿಯಮ್ಮನಹಳ್ಳಿ ದಾಟಿ ಹೊಸಪೇಟೆ. ಅಲ್ಲಿಂದ ಕಮಲಾಪುರದ ಮೇಲೆ ಹಂಪಿಯ ರಾಜಪ್ರಾಂಗಣ.

ಒಳಗೆ ಕಾಲಿಟ್ಟವಳು ಸುತ್ತ ನೋಡಿದಳು. ಬಿಸಿಲು, ಬಯಲು, ಅಲ್ಲಲ್ಲಿ ಕಲ್ಲಿನ ಕಟ್ಟೆಗಳು.

"ಅರಮನೆ ಎಲ್ಲೈತಪ್ಪಾ?"

"ನೀನು ನಿಂತಿರೋದೇ ಅರಮನೆ ಜಾಗ."

ಅವಳ ಮುಖ ಬಾಡಿತು.

ಸಭಾಮಂಟಪದ ಕಟ್ಟೆ ಹತ್ತಿಸಿ, ಕಂಬ ನಿಲ್ಲಿಸಿದ್ದ ಗುರುತುಗಳನ್ನು ಎಣಿಸಲು ಹೇಳಿದೆ. ಸಾಲಿಗೆ ಹತ್ತರಂತೆ ಹತ್ತು ಸಾಲು, ಒಟ್ಟು 100! ಕಂಬಗಳು ಮರದವು, ಈಗ ಒಂದೂ ಇಲ್ಲ. ಮಹಾನವಮಿ ದಿಬ್ಬದ ಸುತ್ತ ಆನೆ, ಕುದುರೆ, ಬೇಟೆ, ಕುಣಿತದ ಕೆತ್ತನೆಗಳನ್ನು ನೋಡಿದೆವು. ಕಪ್ಪು ಕಲ್ಲಿನ ಪುಷ್ಕರಣಿಯ ಮುಂದೆ ಅವಳ ಮುಖ ಅರಳಿತು. 1980ರ ದಶಕದ ಉತ್ಖನನದಲ್ಲಿ ಸಿಕ್ಕ ಈ ಕೊಳದ ಕಲ್ಲುಗಳ ಮೇಲೆ, ಯಾವುದನ್ನು ಎಲ್ಲಿ ಕೂಡಿಸಬೇಕೆಂದು ಗುರುತು ಕೊರೆದಿದ್ದಾರೆ. "ಜೋಡಿಸೋ ಆಟದ ಸಾಮಾನಿನಂಗೆ!" ಎಂದಳು.

ನೆರಳಲ್ಲಿ ಬುತ್ತಿ ಬಿಚ್ಚಿದಾಗ ಒಂದು ಸಂಗತಿ ಹೇಳಿದೆ. 1443ರಲ್ಲಿ ಹೆರಾತ್‌ನ ದೊರೆ ಶಾರುಖ್ ಕಳಿಸಿದ ದೂತ ಅಬ್ದುಲ್ ರಜಾಕ್ ಇಲ್ಲಿಗೆ ಬಂದು ಮಹಾನವಮಿಯ ವೈಭವಕ್ಕೆ ಬೆರಗಾಗಿದ್ದ. ಅದಕ್ಕೂ ಸುಮಾರು 20 ವರ್ಷ ಮೊದಲು ಅದೇ ದೊರೆಯ ಬೇರೆ ದೂತರು ಬೀಜಿಂಗ್ ಅರಮನೆಯನ್ನೂ ನೋಡಿ ಹೋಗಿದ್ದರು!

"ಮತ್ತೆ ಅದು ಉಳೀತು, ನಮ್ದ್ಯಾಕೆ ಉಳೀಲಿಲ್ಲ?"

ಬೀಜಿಂಗ್‌ನದೂ ಮರದ ಅರಮನೆಯೇ. 1420ರಲ್ಲಿ ಮುಗಿಯಿತು, ಮರುವರ್ಷವೇ ಬೆಂಕಿಗೆ ಮೂರು ದೊಡ್ಡ ಸಭಾಭವನಗಳು ಸುಟ್ಟುಹೋದವು. ಮತ್ತೆ ಕಟ್ಟಿದರು. ಮತ್ತೆ ಸುಟ್ಟಿತು, ಮತ್ತೆ ಕಟ್ಟಿದರು. 1925ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ನಮ್ಮಲ್ಲಿ 1565ರ ಯುದ್ಧದಲ್ಲಿ ಸೋತ ಮೇಲೆ ಅರಸು ಮನೆತನ ಊರು ಬಿಟ್ಟಿತು, ನಗರ ಲೂಟಿಯಾಯಿತು, ಬೆಂಕಿಗೆ ಬಿತ್ತು. ಇಟ್ಟಿಗೆ–ಗಾರೆಯ ಕಮಲ ಮಹಲ್, 11 ಗುಮ್ಮಟಕೋಣೆಗಳ ಗಜಶಾಲೆ ಉಳಿದವು. ಅರಮನೆಯನ್ನು ಮತ್ತೆ ಎತ್ತಿ ನಿಲ್ಲಿಸಲು ಯಾರೂ ಬರಲಿಲ್ಲ.

"ಅಂದ್ರೆ ಸುಟ್ಟಿದ್ದಕ್ಕಲ್ಲ, ರಿಪೇರಿ ಮಾಡೋರು ಇಲ್ದಿದ್ದಕ್ಕೆ" ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಹಗರಿಬೊಮ್ಮನಹಳ್ಳಿ ಹತ್ತಿರ ಬಂದಾಗ ಕೇಳಿದಳು: "ಅಪ್ಪಾ, ಅಜ್ಜಿ ಮನೆ ಕಂಬಾನೂ ಕಟ್ಟಿಗೇವೇ ಅಲ್ಲೇನು?"

ನನ್ನಲ್ಲಿ ಮಾತಿರಲಿಲ್ಲ. ಅವ್ವ ನಮ್ಮ ಜೊತೆ ಇರಲು ಬಂದ ಮೇಲೆ ಕೂಡ್ಲಿಗಿ ಕಡೆಯ ಹಳ್ಳಿಯಲ್ಲಿರುವ ನಮ್ಮ ಮಾಳಿಗೆ ಮನೆಗೆ ಬೀಗ ಬಿದ್ದು ಮೂರು ವರ್ಷ. ಮಾಳಿಗೆಗೆ ಮಣ್ಣು ಹಾಕಿಸಿಲ್ಲ. ಮಾರಿಬಿಡೋಣ ಎಂದು ನಾವು ಅಣ್ಣತಮ್ಮಂದಿರು ಮಾತಾಡಿಕೊಂಡಿದ್ದೆವು.

ಮುಂದಿನ ಭಾನುವಾರ ಅವ್ವನನ್ನೂ ಕರೆದುಕೊಂಡು ಹೋಗಿ ಬೀಗ ತೆಗೆದೆವು. ಮಗಳು ಮೊದಲು ಕಂಬ ಎಣಿಸಿದಳು. ಹನ್ನೆರಡು. ಒಂದಕ್ಕೆ ಗೆದ್ದಲು ಹತ್ತಿತ್ತು. ಅವ್ವ ಸೆರಗಿನಿಂದ ಅದರ ಧೂಳು ಒರೆಸುತ್ತ ನಿಂತಳು.

ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದೆ: "ಮಾರೋ ಮಾತು ಆಮೇಲೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿಸಬೇಕು, ನೀನೂ ಬಾ."