ಕೆರೆ ದಂಡೆಯ ರೇಂಜರ್ ಬಂಗಲೆ: ತಾಳವಾಡಿ ಕಾಡಿನ ಮಾತು ಮತ್ತು ದಾಖಲೆ

ನಾನು ತಾಳವಾಡಿ ಕಡೆಯವಳು. 1956ರಲ್ಲಿ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು, ನಮ್ಮೂರು ಮದರಾಸಿನಲ್ಲೇ ಉಳೀತು. ಹಾಗಾಗಿ ನಮಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಇವತ್ತು ಹೇಳೋದು ಹಾಸನೂರು ಕಡೆ ಕಾಡಂಚಿನ ಕೆರೆ ದಂಡೆಯಲ್ಲಿರುವ ಹಳೇ ರೇಂಜರ್ ಬಂಗಲೆಯ ಬಗ್ಗೆ. ಫೆಬ್ರವರಿಯಲ್ಲಿ ಅನುಮತಿ ಪಡೆದು, ಸೋಲಿಗರ ತಾತ ಒಬ್ಬರ ಜೊತೆ ಹೋಗಿದ್ದೆ.

ಹಂಚಿನ ಮಾಡು, ದಪ್ಪ ಗೋಡೆ, ಕೆರೆಗೆ ಮುಖ ಮಾಡಿದ ಜಗುಲಿ. ಆದರೆ ನೀರು ಕಾಣಲಿಲ್ಲ. "ಕೆರೆ ಎಲ್ಲಿ ತಾತ?" ಅಂದೆ. "ಮಳೇಲಿ ಕೆರ, ಬೇಸಗೇಲಿ ಹುಲ್ಲುಬಯಲು ಕನ ಕೂಸು" ಅಂದರು. ಹಿಂಗಾರಿನಲ್ಲಿ ತುಂಬಿದ ನೀರು ಮೆಲ್ಲಗೆ ಹಿಂಜರಿಯುತ್ತದೆ. ಹಸಿ ಬಿಟ್ಟುಹೋದ ಅಂಗಳದಲ್ಲಿ ಹುಲ್ಲು ಚಿಗುರುತ್ತದೆ. ಜಿಂಕೆ, ಕಾಟಿ, ಆನೆ ಅಲ್ಲಿಗೇ ಬರುತ್ತವೆ. ಕಾವಲು ಕಾಯೋರಿಗೆ ಇದಕ್ಕಿಂತ ಒಳ್ಳೆ ಜಾಗ ಇರಲಾರದು.

ಕಾವಲು ಯಾರಿಂದ ಅನ್ನೋದು ಮುಂದಿನ ಪ್ರಶ್ನೆ. 1882ರ ಮದರಾಸು ಅರಣ್ಯ ಕಾಯ್ದೆ ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದನ್ನೂ ದನ ಮೇಯಿಸುವುದನ್ನೂ ಅಪರಾಧವೆಂದಿತು. ತಾತ ಹೇಳಿದ್ದು ಬೇರೆ. ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ಒಣಗಿದ ಎಲೆಗಳಿಗೆ ಅವರ ಹಿರಿಯರು ಹಾಕುತ್ತಿದ್ದ ಸಣ್ಣ ಬೆಂಕಿಗೆ 'ತರಗು ಬೆಂಕಿ' ಅಂತ ಹೆಸರು. ತರಗು ಮಾತ್ರ ಉರಿದುಹೋದರೆ ಬೇಸಿಗೆಯ ದೊಡ್ಡ ಬೆಂಕಿಗೆ ಮೇವು ಸಿಗುವುದಿಲ್ಲ, ಹುಲ್ಲು ಏಳುತ್ತದೆ ಅನ್ನುವುದು ಅವರ ಲೆಕ್ಕ. ಅದು ನಿಂತ ಮೇಲೆ ಲಂಟಾನ ಹಬ್ಬಿತು ಅನ್ನುವ ಮಾತನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗರೂ ಹೇಳುತ್ತಾರೆ. ಕಾನೂನಿನ ಭಾಷೆಯಲ್ಲಿ ಎರಡೂ ಬೆಂಕಿಗೆ ಒಂದೇ ಪದ.

ಇದು ಬರೀ ಪದಕೋಶದ ವಿಷಯ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳ ಪ್ರಕಾರ, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯೂ ಹಕ್ಕಿಗೆ ಸಾಕ್ಷ್ಯವಾಗುತ್ತದೆ. ತಾತ ಹೇಳುವುದು ಸೋಲಿಗರ ನುಡಿಯಲ್ಲಿ. ಅರ್ಜಿ ತುಂಬುವುದು ತಮಿಳಿನಲ್ಲಿ. ಅಲ್ಲಿನ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರೇ 'ಶೋಲಗ'. ಆ ದಾಟುವಿಕೆಯಲ್ಲಿ 'ತರಗು' ಬಿಟ್ಟುಹೋಗಿ ಬರೀ 'ಬೆಂಕಿ' ಉಳಿದರೆ, ಕಾಡು ಕಾಯ್ದವರು ಕಾಡು ಸುಟ್ಟವರಾಗುತ್ತಾರೆ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ನನ್ನ ಟಿಪ್ಪಣಿಯಲ್ಲಿ ಆ ಪದದ ಮುಂದೆ 'ಕಾಡ್ಗಿಚ್ಚು' ಅಂತ ಬರೆದುಕೊಂಡಿದ್ದೆ. ಓದಿ ಹೇಳಿದಾಗ ತಾತ ತಲೆ ಅಲ್ಲಾಡಿಸಿದರು: "ಅದಲ್ಲ ಕನ." ಜಗುಲಿ ಮೇಲೆ ಕೂತು ಹೊಡೆದುಹಾಕಿ, ಯಾವ ತಿಂಗಳು, ಯಾವ ನೆಲ, ಯಾರು ಹಚ್ಚುತ್ತಿದ್ದರು ಅಂತ ಕೇಳಿ ಮತ್ತೆ ಬರೆದೆ. ಗಡಿಯಾಚೆಯ ಕನ್ನಡ ಓದುವ ನಮಗೆ ಇಷ್ಟು ಕೆಲಸವಂತೂ ಇದೆ.